ಬಾದಾಮಿ ಮರದ ಮೇಲಿನ ದಾರ

ಸೂಪು ಆರಿ, ಮೇಲೆ ತೆಳ್ಳಗೆ ಪೊರೆ ಕಟ್ಟಿತ್ತು. ರೈನಾ ಇನ್ನೂ ಬಂದಿರಲಿಲ್ಲ.

ನೆವೆನಾ ಕಿಟಕಿಗೆ ಹಣೆ ಒತ್ತಿ ಕೆಳಗಿನ ಉದ್ಯಾನವನ್ನೇ ನೋಡುತ್ತಿದ್ದಳು. ಕೆಲಸದ ಮೇಲೆ ವಿಯೆನ್ನಾಕ್ಕೆ ಬಂದಾಗಲೆಲ್ಲ ಅವರಿಬ್ಬರಿಗೂ ಇದೇ ಹೋಟೆಲು, ಇದೇ ಕೋಣೆ, ಗೋಡೆಗೆ ಒತ್ತಿಕೊಂಡ ಇವೇ ಎರಡು ಕಿರಿದಾದ ಮಂಚ. ಊಟವೂ ಯಾವಾಗಲೂ ಒಂದೇ. ನೀರಿನ ಚೊಂಬಿಗೆ ಕರೆಂಟಿನ ಸುರುಳಿ ಇಳಿಬಿಟ್ಟು ಕುದಿಸಿ, ಊರಿಂದ ತಂದ ಪೊಟ್ಟಣದ ಸೂಪು ಕದಡಿ, ಒಣ ಸಾಸೇಜನ್ನು ಸಣ್ಣ ಚಾಕುವಿನಿಂದ ಹೆಚ್ಚಿಕೊಂಡು ತಿನ್ನುವುದು. ಪ್ರಯಾಣದ ಭತ್ಯೆಯನ್ನು ಹೋಟೆಲಿನ ಊಟಕ್ಕೆ ಸುರಿಯುವ ಹೆಡ್ಡರು ಅವರ ಸರ್ಕಾರಿ ಸಂಸ್ಥೆಯಲ್ಲಿ ಯಾರೂ ಇರಲಿಲ್ಲ. ಹೋದ ಸಲ ಈ ಸುರುಳಿಯ ದೆಸೆಯಿಂದ ಇಡೀ ಮಹಡಿಯ ದೀಪ ಆರಿಹೋಗಿ ಮ್ಯಾನೇಜರ್ ಓಡಿ ಬಂದಿದ್ದ. ರೈನಾ ಬಾಗಿಲಲ್ಲಿ ಅಡ್ಡ ನಿಂತು, ಮುಖದ ಮೇಲೆ ಒಂದು ಗೆರೆಯನ್ನೂ ಅಲುಗಿಸದೆ, ಕೂದಲು ಒಣಗಿಸಿಕೊಳ್ಳುತ್ತಿದ್ದೆವೆಂದು ಹೇಳಿ ಕಳಿಸಿದ್ದಳು. ಒಳಗೆಲ್ಲ ಹುರುಳಿ ಸೂಪಿನ ವಾಸನೆ ಗಮ್ಮೆನ್ನುತ್ತಿತ್ತು. ಅದನ್ನು ನೆನೆದು ಇಬ್ಬರೂ ರೈಲಿನುದ್ದಕ್ಕೂ ನಕ್ಕಿದ್ದರು.

ಈಗ ಆ ನಗು ನೆನಪಾದರೂ ಅವಳು ಕಿಟಕಿ ಬಿಟ್ಟು ಅಲುಗಲಿಲ್ಲ.

ಬೆಳಿಗ್ಗೆ ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. ಅವರು ಮಾರುವುದು ತಮ್ಮ ದೇಶದ ಕಜಾನ್ಲಕ್ ಕಣಿವೆಯ ಗುಲಾಬಿ ಎಣ್ಣೆ. ಅಸಲಿ ಎಣ್ಣೆ ತಂಪಿನಲ್ಲಿ ಹರಳುಗಟ್ಟುತ್ತದೆ, ಅಂಗೈ ಬಿಸಿ ತಾಗಿದರೆ ಮತ್ತೆ ಕರಗುತ್ತದೆ. ಕೊಳ್ಳುವ ಮುದುಕ ವೆಸೆಲಿ ಪ್ರತಿಸಲವೂ ಅದನ್ನು ಕಣ್ಣಾರೆ ನೋಡಿಯೇ ಸಹಿ ಹಾಕುವವನು. ನೆವೆನಾಳ ಕೈ ಹುಟ್ಟಾ ತಣ್ಣಗೆ. ಆದ್ದರಿಂದ ಜರ್ಮನ್ ಭಾಷೆಯಲ್ಲಿ ಮಾತಾಡುವುದು ಇವಳು, ಗಾಜಿನ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಕೂರುವುದು ರೈನಾ. ಹತ್ತು ವರ್ಷದಿಂದ ಹೀಗೇ ನಡೆದಿತ್ತು. ರೈನಾ ಮುಷ್ಟಿ ಬಿಚ್ಚಿದಾಗ ಎಣ್ಣೆ ಜೇನಿನಂತೆ ಹೊಳೆಯುತ್ತ ಓಲಾಡುತ್ತಿತ್ತು. ವೆಸೆಲಿ ಇವತ್ತೂ ಚುರುಟು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದ್ದ.

ಹೋಟೆಲಿಗೆ ಹಿಂತಿರುಗಿದ ಮೇಲೆ ರೈನಾ ಕೋಟು ಬಿಚ್ಚಲಿಲ್ಲ.

“ಒಂದೈದು ನಿಮಿಷ ಗಾಳಿ ಕುಡಿದು ಬರ್ತೀನಿ ಕಣೇ. ಆ ಮುದುಕನ ಹೊಗೆ ತಲೆಗೇರಿದೆ, ಒಂದು ತಲೆನೋವಿನ ಮಾತ್ರೆಯನ್ನೂ ತಗೋತೀನಿ. ನೀನು ಸೂಪು ಕಾಯಿಸು.”

“ಇಬ್ಬರೂ ಹೋಗೋಣ ಅಕ್ಕಾ.”

“ಎಲ್ಲಿಗೆ, ಎದುರುಗಡೆ ಬೆಂಚಿಗಾ? ಮೊದಲು ನಿನ್ನ ಪಾದ ನೋಡ್ಕೋ. ಉಬ್ಬಿದ ಹಿಟ್ಟಿನ ಹಾಗೆ ಬೂಟಿಂದ ಹೊರಗೆ ಬಂದಿವೆ.”

ಇಬ್ಬರೂ ಹೋಗಬೇಕಿತ್ತು. ಸಂಸ್ಥೆಯ ನಿಯಮವೇ ಹಾಗೆ. ಹೊರದೇಶಕ್ಕೆ ಯಾರೂ ಒಂಟಿಯಾಗಿ ಹೋಗುವಂತಿಲ್ಲ, ಹೋದವರು ಒಬ್ಬರನ್ನೊಬ್ಬರು ಬಿಟ್ಟಿರುವಂತಿಲ್ಲ. ಒಬ್ಬರ ಪಾಸ್‌ಪೋರ್ಟ್ ಇನ್ನೊಬ್ಬರ ಚೀಲದಲ್ಲಿ ಇರಬೇಕು. ಜೊತೆಯವರು ಕಣ್ಣಿಗೆ ಬೀಳದೆ ಸ್ವಲ್ಪ ಹೊತ್ತಾದರೂ ಸರಿ, ಇಲ್ಲಿರುವ ತಮ್ಮ ದೇಶದ ವ್ಯಾಪಾರ ಕಚೇರಿಯ ಮಾಂಚೆವ್‌ಗೆ ಫೋನು ಮಾಡಬೇಕು. ಮಾಡದಿದ್ದರೆ, ಓಡಿಹೋದವರ ಪಾಪ ಉಳಿದವರ ತಲೆಗೆ. ಪಕ್ಕದ ವಿಭಾಗದ ಪಾವ್ಲಿನಾಳಿಗೆ ಆದದ್ದೇ ಅದು. ಅವಳ ಜೊತೆಗಾರ ಮ್ಯೂನಿಕ್‌ನಲ್ಲಿ ಮಾಯವಾದ. ಬೆಳಗಾಗುವ ತನಕ ಕಾದು ಫೋನು ಮಾಡಿದ ಪಾವ್ಲಿನಾ ಈಗ ಹಿಂದಿನ ಅಂಗಳದಲ್ಲಿ ಸೀಸೆ ತೊಳೆಯುತ್ತಾಳೆ. ಇಂಜಿನಿಯರಿಂಗ್ ಓದುತ್ತಿದ್ದ ಅವಳ ಮಗ ಸುಣ್ಣದ ಗೂಡಿನಲ್ಲಿ ಕೆಲಸಕ್ಕಿದ್ದಾನೆ.

ನೆವೆನಾಳ ಮಗಳು ಇಸ್ಕ್ರಾ ಹೋದ ಶರತ್ಕಾಲದಲ್ಲಷ್ಟೇ ವೈದ್ಯಕೀಯ ಕಾಲೇಜಿಗೆ ಸೇರಿದ್ದಳು.

ಸೂಪಿನ ಚೊಂಬನ್ನು ಮುಚ್ಚಿಟ್ಟು, ಆರಿದ ಸುರುಳಿಯನ್ನು ಅದರ ಬಿಸ್ಕತ್ತಿನ ಡಬ್ಬಿಗೆ ಹಾಕಲು ಹೋದಾಗ ನೆವೆನಾಳಿಗೆ ಅದು ಕಾಣಿಸಿತು. ಡಬ್ಬಿಯ ತಳದಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಅವಳದೇ ಪಾಸ್‌ಪೋರ್ಟ್. ಬೆಳಿಗ್ಗೆಯವರೆಗೆ ರೈನಾಳ ಚೀಲದಲ್ಲಿದ್ದದ್ದು.

ಮಂಚದ ಅಂಚಿಗೆ ಕುಸಿದಳು. ಗಾಳಿ ಕುಡಿಯಲು ಹೋಗುವವರು ಇನ್ನೊಬ್ಬರ ಪಾಸ್‌ಪೋರ್ಟನ್ನು ಹೀಗೆ ಜೋಪಾನ ಮಾಡಿ ಬಿಟ್ಟುಹೋಗುವುದಿಲ್ಲ. ಪಾಪ, ನೆವೆನಾ ಊರಿಗೆ ಮರಳುವಾಗ ಅಡಚಣೆಯಾಗಬಾರದು ಎಂದು ಯೋಚಿಸಿ ಇಟ್ಟದ್ದು. ಆ ಯೋಚನೆಯ ಅಕ್ಕರೆಯೇ ಅವಳನ್ನು ಹೆಚ್ಚು ಹೆದರಿಸಿತು. ಸಿಟ್ಟಿನಲ್ಲಿ ಎದ್ದುಹೋದವರು ತಿರುಗಿ ಬಂದಾರು. ಇಷ್ಟು ನೀಟಾಗಿ ಮಡಿಸಿಟ್ಟು ಹೋದವರು ಬರುವುದುಂಟೇ?

ರೈನಾಳಿಗೆ ಊರಲ್ಲಿ ಯಾರಿದ್ದಾರೆ? ಗಂಡ ತೀರಿಹೋಗಿ ವರ್ಷಗಳಾದವು. ಮಕ್ಕಳಿಲ್ಲ. ಅವಳು ಹೋದರೆ ಶಿಕ್ಷೆ ಅನುಭವಿಸಲು ಈ ಭೂಮಿಯ ಮೇಲೆ ಇರುವುದು ಒಬ್ಬಳೇ, ತಾನು. ಇಷ್ಟು ವರ್ಷ ಅಕ್ಕ ಅಕ್ಕ ಎಂದು ಅವಳ ಭುಜಕ್ಕೆ ತಲೆಯಿಟ್ಟು ರೈಲಿನಲ್ಲಿ ನಿದ್ದೆ ಮಾಡಿದವಳು.

ಮೇಜಿನ ಮೇಲೆ ಫೋನು ಇತ್ತು. ಮಾಂಚೆವ್‌ನ ನಂಬರು ಅವಳಿಗೆ ಬಾಯಿಪಾಠ. ರಿಸೀವರ್ ಎತ್ತಿದಳು, ಇಟ್ಟಳು. ಈಗಲೇ ಹೇಳಿಬಿಟ್ಟರೆ ಇಸ್ಕ್ರಾ ಉಳಿಯುತ್ತಾಳೆ. ಹೇಳಿದ ಮೇಲೆ ರೈನಾ ಎರಡು ಸೇಬು ಹಿಡಿದುಕೊಂಡು, ಏದುಸಿರು ಬಿಡುತ್ತ ಬಾಗಿಲು ತಳ್ಳಿ ಬಂದರೆ? ಆಗ ಅವಳ ಗತಿಯೇನು ಎಂಬುದೂ ನೆವೆನಾಳಿಗೆ ಗೊತ್ತಿತ್ತು. ಒಮ್ಮೆ ಬಂದ ಅನುಮಾನವನ್ನು ಅಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮತ್ತೆ ರಿಸೀವರ್‌ಗೆ ಕೈ ಚಾಚಿದಾಗ ಅದು ತಾನಾಗಿ ಬಡಿದುಕೊಂಡಿತು. ಅವಳಿಗೆ ಕೂಗೇ ಬಂದುಬಿಡುವುದರಲ್ಲಿತ್ತು.

“ಕಾಮ್ರೇಡ್ ನೆವೆನಾ, ನಾನು ಮಾಂಚೆವ್. ಏನಂತೆ, ಮುದುಕ ಸಹಿ ಹಾಕಿದ್ನಾ?”

“ಹಾಕಿದ, ಕಾಮ್ರೇಡ್ ಮಾಂಚೆವ್.”

“ಭೇಷ್! ರೈನಾ ಅವರಿಗೆ ಕೊಡಿ ಒಂದ್ನಿಮಿಷ.”

“ಅವರು ಸ್ನಾನಕ್ಕೆ ಹೋಗಿದ್ದಾರೆ.”

ಯಾರು ಹೇಳಿದರು ಇದನ್ನು? ತನ್ನದೇ ದನಿ.

“ಈ ಹೊತ್ತಲ್ಲಿ ಸ್ನಾನಾನಾ?”

“ಬಿಸಿನೀರು ಇಲ್ಲಿ ಪುಕ್ಕಟೆ ಅಲ್ವಾ.”

ಆತ ಹೊಟ್ಟೆ ತುಂಬ ನಕ್ಕ. “ಸರಿ, ನೆನೀಲಿ ನೆನೀಲಿ. ಐದು ಗಂಟೆಗೆ ನಾನೇ ಬರ್ತೀನಿ. ನಮ್ಮತ್ತೆಗೆ ಒಂದು ಗಂಟು ಕಳಿಸೋದಿದೆ. ಇಬ್ಬರೂ ಕೆಳಗಡೆ ಇರಿ, ನಿಮ್ಮನ್ನ ರೈಲು ಹತ್ತಿಸಿಯೇ ಹೋಗ್ತೀನಿ.”

ನೆವೆನಾ ಫೋನಿಟ್ಟಳು. ಫೋನು ಮಾಡದೆ ಕಾದದ್ದು ಧೈರ್ಯದಿಂದಲ್ಲ, ಎರಡು ಭಯಗಳ ನಡುವೆ ಸಿಕ್ಕಿಕೊಂಡು. ಆದರೆ ಸುಳ್ಳು ಬೇರೆಯೇ. ಕಾಯುವವಳು ಬರೀ ಹೆಡ್ಡಿ ಎನಿಸಿಕೊಳ್ಳುತ್ತಾಳೆ. ಸುಳ್ಳು ಹೇಳಿದವಳು ಸಂಚಿನಲ್ಲಿ ಕೂಡಿಕೊಂಡವಳು. ಇನ್ನು ರೈನಾ ಬಾರದಿದ್ದರೆ ಪಾವ್ಲಿನಾಳ ಸೀಸೆ ತೊಳೆಯುವ ಕೆಲಸವೂ ತನಗೆ ದೊಡ್ಡ ಭಾಗ್ಯವೇ.

ಉಬ್ಬಿದ ಪಾದಗಳನ್ನು ಬೂಟಿಗೆ ತುರುಕಿ ಕೆಳಗೆ ಓಡಿದಳು.

ಹೊರಗೆ ಬಿಸಿಲಿತ್ತು. ಟ್ರಾಮು ಗಂಟೆ ಬಾರಿಸುತ್ತ ತಿರುವಿನಲ್ಲಿ ಕಿರುಗುಟ್ಟಿತು. ಜನ ಕೋಟಿನ ಗುಂಡಿ ಬಿಚ್ಚಿಕೊಂಡು ನಿಧಾನವಾಗಿ ನಡೆಯುತ್ತಿದ್ದರು. ಅರಮನೆಯ ಕಡೆಯಿಂದ ಬರುವ ಕುದುರೆಗಾಡಿಗಳ ಟಪಟಪ ಸದ್ದು ಹಳೆಯ ಗೋಡೆಗಳಿಗೆ ಬಡಿದು ಎರಡಾಗುತ್ತಿತ್ತು. ಬೇರೆ ದಿನಗಳಲ್ಲಿ ಈ ಊರು ಅವಳಿಗೆ ಇಷ್ಟವೇ. ಇವತ್ತು ಪ್ರತಿ ಕಮಾನು ಬಾಗಿಲೂ ಒಬ್ಬ ಹೆಂಗಸನ್ನು ನುಂಗಿ ತೆಪ್ಪಗೆ ಕುಳಿತ ಬಾಯಿಯ ಹಾಗೆ ಕಂಡಿತು. ಕಂದು ಕೋಟಿನ ಒಬ್ಬಳ ಹಿಂದೆ ಓಡಿ ಭುಜ ಮುಟ್ಟಿದಳು. ಆಕೆ ತಿರುಗಿ ಹುಬ್ಬು ಗಂಟಿಕ್ಕಿದಳು. ಚರ್ಚಿನೊಳಗೆ ಇಣುಕಿದಳು. ಕಾಫಿ ಅಂಗಡಿಯ ಗಾಜಿಗೆ ಮುಖ ಒತ್ತಿದಾಗ ಒಳಗಿನವರು ಕೇಕಿನ ಚಮಚ ಹಿಡಿದೇ ಇವಳನ್ನು ದಿಟ್ಟಿಸಿದರು.

ಸೋತು, ಹೋಟೆಲಿನ ಎದುರಿನ ಉದ್ಯಾನಕ್ಕೆ ಬಂದಳು. ಗೇಟಿನ ಪಕ್ಕದಲ್ಲೇ ಒಂದು ಬಾದಾಮಿ ಮರ ಮೈತುಂಬ ಹೂ ಬಿಟ್ಟಿತ್ತು. ಊರಲ್ಲಿ ಇನ್ನೂ ಮೊಗ್ಗೂ ಒಡೆದಿರಲಿಲ್ಲ. ಹೂವು ನೋಡುತ್ತಿದ್ದಂತೆ ಅವಳ ಕೈ ತಾನಾಗಿ ಇನ್ನೊಂದು ಕೈಯ ಮಣಿಕಟ್ಟಿಗೆ ಹೋಯಿತು. ಮಾರ್ಚ್ ಮೊದಲ ದಿನ ಹೆಂಗಸರು ಒಬ್ಬರಿಗೊಬ್ಬರು ಕಟ್ಟುವ ಕೆಂಪು ಬಿಳಿಯ ಹುರಿದಾರ ಅಲ್ಲಿತ್ತು. ಹೂ ಬಿಟ್ಟ ಮೊದಲ ಮರ ಕಂಡ ದಿನ ಅದನ್ನು ಬಿಚ್ಚಿ ಕೊಂಬೆಗೆ ಕಟ್ಟಬೇಕು. ಅಲ್ಲಿಗೆ ಚಳಿಗಾಲ ಮುಗಿಯಿತು ಎಂದು ಲೆಕ್ಕ. ಆದರೆ ಯಾರೂ ಪರದೇಶದ ಮರಕ್ಕೆ ಕಟ್ಟುವುದಿಲ್ಲ. ತಮ್ಮ ವಸಂತಕ್ಕಾಗಿ ಊರ ಮರವನ್ನೇ ಕಾಯುತ್ತಾರೆ.

ಕೆಳಗಿನ ಕೊಂಬೆಯಲ್ಲಿ ಒಂದು ದಾರ ಆಡುತ್ತಿತ್ತು. ಕೆಂಪು, ಬಿಳಿ. ನಡುವೆ ಒಂದು ನೀಲಿ ಮಣಿ.

ಆ ಮಣಿ ಪೋಣಿಸಿದವಳು ತಾನೇ. ರೈನಾಳ ಕೈಗೆ ಕಟ್ಟಿದವಳೂ ತಾನೇ. “ಕೆಟ್ಟ ಕಣ್ಣು ಬೀಳದಿರಲಿ ಅಂತಾನಾ? ನನ್ನನ್ನ ನೋಡೋಕೆ ಯಾರು ಸಾಲುಗಟ್ಟಿ ನಿಂತಿದ್ದಾರೆ ಮಾರಾಯ್ತಿ?” ಎಂದು ರೈನಾ ನಕ್ಕಿದ್ದಳು.

ಇನ್ನು ಅನುಮಾನವೇ ಉಳಿಯಲಿಲ್ಲ. ರೈನಾಳ ವಸಂತ ಇಲ್ಲೇ ಶುರುವಾಗಿತ್ತು. ನೆವೆನಾಳಿಗೆ ಅಳು ಬಂತು, ಹಿಂದೆಯೇ ಇನ್ನೊಂದು ಭಯ ಬಂತು. ಮಾಂಚೆವ್ ಟ್ರಾಮಿನಿಂದ ಇಳಿದು ಈ ಗೇಟಿನ ಮೂಲಕವೇ ಬರುವುದು. ಬೇರೆ ಯಾರಿಗೂ ಇದು ಬರೀ ದಾರದ ಚೂರು. ಅವನೂ ನಮ್ಮ ದೇಶದವನೇ, ಒಂದು ನೋಟ ಸಾಕು.

ಕೊಂಬೆಗೆ ಕಟ್ಟಿದ ದಾರವನ್ನು ಯಾರೂ ಮುಟ್ಟುವುದಿಲ್ಲ. ಅವಳ ಅಜ್ಜಿ ಕೇಳಿದ್ದರೆ ಕೈಗೆ ಬರೆ ಹಾಕುತ್ತಿದ್ದಳು. ನೆವೆನಾ ಸುತ್ತಮುತ್ತ ನೋಡಿ, ತಣ್ಣಗಾದ ಬೆರಳುಗಳಿಂದ ಗಂಟು ಬಿಡಿಸತೊಡಗಿದಳು. ಹೂವಿನ ಎಸಳು ತೋಳಿನ ಮೇಲೆ ಉದುರಿದವು. ದಾರವನ್ನು ಕೋಟಿನ ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದಳು.

ಮಾಂಚೆವ್ ಹೇಳಿದ ಹೊತ್ತಿಗೇ ಬಂದ. ಗುಂಡು ಮುಖ, ಒಳ್ಳೆಯ ಕೋಟು, ಕಂಕುಳಲ್ಲಿ ಹುರಿ ಸುತ್ತಿದ ದೊಡ್ಡ ಗಂಟು. ನೆವೆನಾ ಎರಡೂ ಸೂಟ್‌ಕೇಸುಗಳನ್ನು ಕಾಲಬಳಿ ಇಟ್ಟುಕೊಂಡು ಕೆಳಗಿನ ಹಜಾರದಲ್ಲಿ ಕುಳಿತಿದ್ದಳು.

“ಎಲ್ಲಿ, ನಿಮ್ಮ ಸ್ನಾನದ ರಾಣಿ?”

“ಔಷಧದ ಅಂಗಡಿಗೆ ಹೋದರು. ತಲೆನೋವು.”

“ಒಬ್ರೇನಾ?”

“ಇಲ್ಲೇ ಮೂಲೆಯ ಅಂಗಡಿ. ಸಾಮಾನು ಕಾಯೋಕೆ ಒಬ್ಬರು ಬೇಕಲ್ಲ.”

“ಒದ್ದೆ ತಲೇಲಿ ಹೊರಗೆ ಹೋದರೆ ತಲೆ ನೋಯದೆ ಇನ್ನೇನಾಗುತ್ತೆ.” ಆತ ಎದುರಿನ ಕುರ್ಚಿಯಲ್ಲಿ ಕುಳಿತು ಗೋಡೆಯ ಗಡಿಯಾರ ನೋಡಿದ. ಮುಗುಳ್ನಗೆ ಇದ್ದ ಹಾಗೇ ಇತ್ತು. ಕಣ್ಣು ಮಾತ್ರ ಬಾಗಿಲಿಗೆ ಹೋಗಿ ಬಂತು.

ನೆವೆನಾಳ ಹಣೆ ಬೆವರುತ್ತಿತ್ತು. ಕರವಸ್ತ್ರಕ್ಕೆ ಜೇಬಿಗೆ ಕೈ ಹಾಕಿ ಎಳೆದಳು. ಅದರ ಜೊತೆಗೆ ದಾರವೂ ಬಂದು ನೆಲಕ್ಕೆ ಬಿತ್ತು. ಮಣಿ ಕಲ್ಲಿಗೆ ತಾಗಿ ಟಕ್ಕೆಂದಿತು.

ಮಾಂಚೆವ್ ಬಗ್ಗಿ ಎತ್ತಿಕೊಂಡ. ಬೆರಳಲ್ಲಿ ಹೊರಳಿಸಿ ನೋಡಿದ. ಆಮೇಲೆ ಅವಳ ಮಣಿಕಟ್ಟು ನೋಡಿದ. ಅಲ್ಲಿ ಅವಳದು ಇತ್ತು.

“ಎರಡೆರಡಾ ನಿಮಗೆ?”

“ಮಗಳು ಕಟ್ಟಿದ್ದು, ಗಂಟು ಸಡಿಲಾಗಿ ಬಿಚ್ಚಿಕೊಳ್ತು. ಒಂದು ಆರೋಗ್ಯಕ್ಕೆ, ಒಂದು ಅಮ್ಮ ಬೇಗ ಮನೆಗೆ ಬರಲಿ ಅಂತ.”

“ದುರಾಸೆ ಕಣ್ರೀ ನಿಮ್ಮ ಮನೆಯವರಿಗೆ.” ಆತ ನಕ್ಕ. ದಾರ ಮಾತ್ರ ಅವನ ಬೆರಳಲ್ಲೇ ಇತ್ತು. “ಏನು ಓದ್ತಿದ್ದಾಳೆ ಮಗಳು? ಡಾಕ್ಟರಿಕೆ ಅಲ್ವಾ?”

ಅವನಿಗೆ ಅದು ಗೊತ್ತಿರುವುದೇ ಸಾಕಾಗಿತ್ತು. ಈಗ ಹೇಳಿಬಿಡಲೇ? ಈಗಲಾದರೂ? ಬಾಯಿ ತೆರೆದಳು. ಮಾಂಚೆವ್ ಕಾದ.

ಗಾಜಿನ ಬಾಗಿಲು ತಿರುಗಿತು. ಕಂದು ಕೋಟು, ತಲೆಗೆ ಕಟ್ಟಿದ ವಸ್ತ್ರ, ಕೈಗವಸು ತೊಟ್ಟ ಕೈಯಲ್ಲಿ ಸಣ್ಣ ಕಾಗದದ ಪೊಟ್ಟಣ. ರೈನಾ.

“ತಲೆನೋವಿನ ಮಾತ್ರೆಗೂ ಸಾಲು ನಿಲ್ಲಬೇಕಾ ನಿಮ್ಮ ವಿಯೆನ್ನಾದಲ್ಲಿ? ನಮ್ಮೂರೇ ವಾಸಿ, ಅಲ್ಲಿ ಮಾತ್ರೆಯೇ ಇರಲ್ಲ, ಸಾಲೂ ಇರಲ್ಲ.”

“ಬಂದ್ರಾ! ಸ್ನಾನ ಚೆನ್ನಾಗಾಯ್ತಾ?” ಎಂದ ಮಾಂಚೆವ್.

ನೆವೆನಾ ತಲೆಯೆತ್ತಿದಳು. ರೈನಾಳಿಗೆ ಸ್ನಾನದ ಮಾತು ಗೊತ್ತಿಲ್ಲ. ಯಾವ ಸ್ನಾನ ಎಂದು ಕೇಳಿದರೆ ಮುಗಿಯಿತು. ರೈನಾ ಅರೆಗಳಿಗೆ ಇವಳ ಕಡೆ ನೋಡಿದಳು. ಅಷ್ಟೇ.

“ಅದನ್ನೂ ವರದಿ ಮಾಡಿದ್ಲಾ ಇವಳು? ಯಾವ ಸೋಪು ಹಾಕ್ಕೊಂಡೆ ಅಂತಲೂ ಕೇಳಿ, ಬರೆದುಕೊಳ್ಳಿ. ಐವತ್ತೈದರ ಹೆಂಗಸಿನ ಸ್ನಾನದ ಮೇಲೆ ಕಣ್ಣು ನಿಮಗೆ, ನಾಚಿಕೆಯಾಗಬೇಕು ಕಾಮ್ರೇಡ್.”

ಮಾಂಚೆವ್‌ನ ಕಿವಿ ಕೆಂಪಾಯಿತು. ಗಡಿಬಿಡಿಯಲ್ಲಿ ದಾರವನ್ನು ನೆವೆನಾಳ ಕೈಗೆ ತುರುಕಿ, ಸೂಟ್‌ಕೇಸು ಎತ್ತಿಕೊಂಡು ಮುಂದೆ ನಡೆದ.

ರೈಲು ಹೊರಟು, ಮಾಂಚೆವ್‌ನ ಟೋಪಿ ಪ್ಲಾಟ್‌ಫಾರಂನಲ್ಲಿ ಚಿಕ್ಕದಾಗುವ ತನಕ ಇಬ್ಬರೂ ಕಿಟಕಿಯಲ್ಲಿ ಕೈ ಬೀಸಿದರು. ರೈಲಿನ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆವೆನಾ ಬಾಗಿಲು ಎಳೆದು, ಎದುರು ಕೂತು, ತನ್ನ ಪಾಸ್‌ಪೋರ್ಟ್ ತೆಗೆದು ರೈನಾಳ ತೊಡೆಯ ಮೇಲೆ ಎಸೆದಳು.

“ನೀನೇ ಇಟ್ಕೋ. ನಿಯಮ ಅಲ್ವಾ.”

ರೈನಾ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. “ನನ್ನ ತಮ್ಮ ಇಲಿಯಾ ಇದ್ದಾನೆ ಇಲ್ಲಿ. ಹುಡುಗನಾಗಿದ್ದಾಗ ಗಡಿಯ ನದಿ ದಾಟಿ ಓಡಿಹೋದವನು. ಸತ್ತ ಅಂತ ಎಲ್ಲ ಸರ್ಕಾರಿ ಕಾಗದದಲ್ಲೂ ಬರೆಸಿದ್ವಿ. ಇವತ್ತು ಅವನ ಮನೆ ಬಾಗಿಲು ತಟ್ಟಿದೆ. ಗುರುತೇ ಸಿಗಲಿಲ್ಲ ಮೊದಲು. ಅಪ್ಪನ ಹಾಗೇ ಬೊಕ್ಕತಲೆ. ಇಲ್ಲೇ ಇರು ಅಕ್ಕಾ ಅಂತ ಅತ್ತ. ಇರ್ತೀನಿ ಅಂದೆ.”

“ನನ್ನ ಇಸ್ಕ್ರಾ?”

“ಅದಕ್ಕೇ ತಿರುಗಿ ಉದ್ಯಾನಕ್ಕೆ ಬಂದೆ. ದಾರ ಕಟ್ಟಿ, ಆಚೆ ಪೊದೆ ಹಿಂದಿನ ಬೆಂಚಲ್ಲಿ ಕೂತೆ. ನಿನ್ನ ಕಿಟಕಿ ಕಾಣ್ತಿತ್ತು. ನೀನು ಫೋನು ಮಾಡೇ ಮಾಡ್ತೀಯ, ಕಚೇರಿಯ ಕಾರು ಓಡಿ ಬರುತ್ತೆ ಅಂದ್ಕೊಂಡಿದ್ದೆ. ಬಂದಿದ್ದರೆ ಎದ್ದು ಹೋಗಿಬಿಡ್ತಿದ್ದೆ ಕಣೇ. ಬೇಗ ತಿಳಿಸಿದೆ ಅಂತ ನಿನ್ನನ್ನ ಬಿಡ್ತಿದ್ರು. ಇಸ್ಕ್ರಾನ ಮುಟ್ತಿರಲಿಲ್ಲ. ನಾನೂ ಉಳೀತಿದ್ದೆ.”

ರೈಲಿನ ಚಕ್ರದ ಸದ್ದು. ಕಿಟಕಿಯಾಚೆ ಹೊಲಗಳು ಸಂಜೆಯಲ್ಲಿ ಬೂದಿಬಣ್ಣವಾಗುತ್ತಿದ್ದವು.

“ಕಾರು ಬರಲಿಲ್ಲ. ನೀನು ಬಂದೆ, ದಾರ ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಆಮೇಲೆ ಮಾಂಚೆವ್ ಬಂದ, ಒಬ್ಬನೇ, ಹಲ್ಲು ಕಿರಿದುಕೊಂಡು, ಅತ್ತೆಯ ಗಂಟು ಹಿಡಿದು. ಆಗ ಗೊತ್ತಾಯ್ತು ನನಗೆ, ನೀನು ಸುಳ್ಳು ಹೇಳಿದ್ದೀಯ ಅಂತ. ಸುಳ್ಳು ಹೇಳಿದವಳನ್ನ ಬಿಟ್ಟು ಹೇಗೆ ಹೋಗಲಿ?”

“ನನ್ನನ್ನ ತಕ್ಕಡೀಲಿ ಇಟ್ಟು ನೋಡ್ತಾ ಕೂತಿದ್ಯಾ!” ನೆವೆನಾಳ ದನಿ ಸೀಳಿತು. “ಅಲ್ಲಿ ನನ್ನ ಪ್ರಾಣ ಹೋಗ್ತಿತ್ತು!”

“ಹೌದು,” ಎಂದಳು ರೈನಾ. “ನೋಡ್ತಾ ಕೂತಿದ್ದೆ.”

ನೆವೆನಾ ಮುಖ ತಿರುಗಿಸಿದಳು. ಹೊಡೆಯಬೇಕೆನಿಸಿತು. ಅದರ ಕೆಳಗೆ ಇನ್ನೊಂದು ಮಾತು ನಿಧಾನವಾಗಿ ಏಳುತ್ತಿತ್ತು. ಅದನ್ನು ಅವಳು ಎಷ್ಟು ಅದುಮಿದರೂ ಇಳಿಯಲಿಲ್ಲ. ರೈನಾಳನ್ನು ಉಳಿಸಲೆಂದು ತಾನು ಹೇಳಿದ ಸುಳ್ಳೇ ಅವಳನ್ನು ಈ ರೈಲಿನಲ್ಲಿ ಕೂರಿಸಿತ್ತು. ಹೇಡಿಯಂತೆ ಫೋನು ಮಾಡಿಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಇವಳು ಬೊಕ್ಕತಲೆಯ ತಮ್ಮನ ಅಡುಗೆಮನೆಯಲ್ಲಿ ಕುಳಿತಿರುತ್ತಿದ್ದಳು.

ದೂರದ ಡಬ್ಬಿಗಳ ಕಡೆಯಿಂದ ಬಾಗಿಲು ತೆರೆಯುವ, ಮುಚ್ಚುವ ಸದ್ದು ಬರತೊಡಗಿತು. ಮೊದಲ ಗಡಿಯ ತಪಾಸಣೆ. ಆಮೇಲೆ ಇನ್ನೂ ಗಡಿಗಳಿದ್ದವು, ಕೊನೆಗೆ ತಮ್ಮದು. ರೈನಾ ಪಾಸ್‌ಪೋರ್ಟ್ ತೆಗೆಯಲು ಕೈಗವಸು ಬಿಚ್ಚಿದಳು. ಮಣಿಕಟ್ಟು ಬರಿದಾಗಿತ್ತು.

ನೆವೆನಾ ಆ ಬರಿಗೈಯನ್ನೇ ನೋಡಿದಳು. ಊರಲ್ಲಿ ಇನ್ನೂ ಹೂ ಬಿಟ್ಟಿಲ್ಲ. ನಮ್ಮ ಗಡಿಯ ಸಿಪಾಯಿ, ಕಚೇರಿಯ ಬಾಗಿಲಿನವನು, ಟೈಪಿಸ್ಟ್ ಹುಡುಗಿ, ಯಾರು ಬೇಕಾದರೂ ಕೇಳಿಯಾರು, ಎಲ್ಲಿ ಬಿಚ್ಚಿದೆ ಎಂದು.

“ಕೈ ಕೊಡು ಅಕ್ಕಾ.”

“ಒಮ್ಮೆ ಮರಕ್ಕೆ ಕಟ್ಟಿದ್ದನ್ನ...”

“ಕೊಡು ಅಂದೆ.”

ರೈನಾ ಕೈ ಚಾಚಿದಳು. ನೆವೆನಾ ಜೇಬಿನಿಂದ ದಾರ ತೆಗೆದು ಸುತ್ತಿದಳು. ಎಳೆಯ ನಡುವೆ ಬಾದಾಮಿ ಹೂವಿನ ಒಂದು ಎಸಳು ಸಿಕ್ಕಿಕೊಂಡು ಬಾಡಿತ್ತು. ಅದನ್ನು ಉಗುರಿನಿಂದ ತೆಗೆದು ಸೀಟಿನ ಕೆಳಗೆ ಹಾಕಿದಳು. ಹತ್ತು ವರ್ಷ ಎಣ್ಣೆ ಕರಗಿಸಿದ ಆ ಕೈ ಇವತ್ತು ತನ್ನ ಕೈಯಷ್ಟೇ ತಣ್ಣಗಿತ್ತು. ಗಂಟು ಎರಡು ಸಲ ಜಾರಿತು. ಮೂರನೆಯ ಸಲ ಹಲ್ಲಿನಿಂದ ಕಚ್ಚಿ ಎಳೆದಳು.

“ಬಿಗಿಯಾಯ್ತಾ?”

“ಇರಲಿ ಬಿಡು,” ಎಂದಳು ರೈನಾ, ಕಿಟಕಿಯ ಕಡೆ ನೋಡುತ್ತ.

ತಪಾಸಣೆಯವರ ಬೂಟುಗಳು ಪಕ್ಕದ ಕೋಣೆಯ ಮುಂದೆ ನಿಂತವು. ಇಬ್ಬರೂ ತಂತಮ್ಮ ಚೀಲ ತೆರೆದು, ಒಬ್ಬರ ಪಾಸ್‌ಪೋರ್ಟನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕುಳಿತರು.